ಇಸ್ರೋ ಹಣಕ್ಕೆ ಲೆಕ್ಕ ಕೇಳುವವರು ಯಾರು? ಹಾಸನದವರು ಮಾತನಾಡೋಣ

ಸಾಲಗಾಮೆ ರಸ್ತೆ:

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಬಜೆಟ್ ದಾಖಲೆಗಳನ್ನು ಓದುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. 2025-26ರ ಕೇಂದ್ರ ಬಜೆಟ್‌ನಲ್ಲಿ ಬಾಹ್ಯಾಕಾಶ ಇಲಾಖೆಯ ಪುಟಗಳನ್ನು ನೋಡಿದ ಮೇಲೆ ಈ ಚರ್ಚೆ ಆರಂಭಿಸಬೇಕು ಅನ್ನಿಸಿತು. 1982ರಿಂದ ನಮ್ಮ ಊರಿನಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ (ಎಂಸಿಎಫ್) ಇದೆ. ಭೂಮಿಯಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ದೇಶದ ಭೂಸ್ಥಿರ ಉಪಗ್ರಹಗಳನ್ನು ಹಗಲಿರುಳು ಕಾಯುವುದು ನಮ್ಮ ಎಂಸಿಎಫ್ ಮತ್ತು 2005ರಲ್ಲಿ ಆರಂಭವಾದ ಭೋಪಾಲದ ಕೇಂದ್ರ. ಇಷ್ಟು ಹತ್ತಿರದಲ್ಲಿದ್ದರೂ ಆ ಹಣ ಎಲ್ಲಿಂದ ಬರುತ್ತದೆ, ಯಾರ ಕೈ ದಾಟಿ ಬರುತ್ತದೆ, ಖರ್ಚಾದ ಮೇಲೆ ಯಾರು ಕೇಳುತ್ತಾರೆ ಎಂಬುದನ್ನು ನಾವು ಮಾತನಾಡಿದ್ದೇ ಕಡಿಮೆ.

ಮೊದಲು ಮೊತ್ತ. ಆ ವರ್ಷಕ್ಕೆ ಇಲಾಖೆಗೆ ಇಟ್ಟದ್ದು ಸುಮಾರು 13,416 ಕೋಟಿ ರೂಪಾಯಿ. ಕೇಂದ್ರದ ಒಟ್ಟು ಖರ್ಚು 50.65 ಲಕ್ಷ ಕೋಟಿ. ಅಂದರೆ ಕೇಂದ್ರ ನೂರು ರೂಪಾಯಿ ಖರ್ಚು ಮಾಡಿದರೆ ಅದರಲ್ಲಿ ಬಾಹ್ಯಾಕಾಶಕ್ಕೆ ಹೋಗುವುದು ಇಪ್ಪತ್ತಾರು ಪೈಸೆ. ಇದು ಹೆಚ್ಚು ಎಂದು ನಾನು ಹೇಳುವುದಿಲ್ಲ. ಚಂದ್ರಯಾನ-3ಕ್ಕೆ ತಗಲಿದ್ದು ಸುಮಾರು 615 ಕೋಟಿ. ಅಷ್ಟರಲ್ಲಿ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದು ತೋರಿಸಿದ ಸಂಸ್ಥೆ ಅದು.

ನನ್ನನ್ನು ಕಾಡುವುದು ಬೇರೆ ವಿಷಯ. ಇಸ್ರೋ ಅಧ್ಯಕ್ಷರೇ ಬಾಹ್ಯಾಕಾಶ ಇಲಾಖೆಯ ಕಾರ್ಯದರ್ಶಿ. ಅವರೇ ಬಾಹ್ಯಾಕಾಶ ಆಯೋಗದ ಅಧ್ಯಕ್ಷರು ಕೂಡ. ಯೋಜನೆಯನ್ನು ನಡೆಸುವುದು ಇಸ್ರೋ, ಅದಕ್ಕೆ ಹಣ ಕೇಳುವುದು ಇಲಾಖೆ, ಅದು ಬೇಕೋ ಬೇಡವೋ ಎಂದು ನೀತಿ ನಿರ್ಧರಿಸುವುದು ಆಯೋಗ. ಮೂರೂ ಕುರ್ಚಿಗಳಲ್ಲಿ ಕೂರುವವರು ಒಬ್ಬರೇ. ಇಲಾಖೆಯ ಸಚಿವರು ಸ್ವತಃ ಪ್ರಧಾನಿ. 1972ರಲ್ಲಿ ಆಯೋಗ ಮತ್ತು ಇಲಾಖೆ ಹುಟ್ಟಿದಾಗಿನಿಂದ ನಡೆದುಬಂದ ಏರ್ಪಾಡು ಇದು. ಸತೀಶ್ ಧವನ್ ಅವರಂಥವರು ಆ ಸ್ಥಾನದಲ್ಲಿದ್ದಾಗ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಏರ್ಪಾಡನ್ನು ವ್ಯಕ್ತಿಯ ದೊಡ್ಡತನದ ಮೇಲೆ ನಿಲ್ಲಿಸಬಾರದು. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಎಷ್ಟೇ ಪ್ರಾಮಾಣಿಕನಾದರೂ ವರ್ಷದ ಲೆಕ್ಕ ನೋಡುವವನು ಬೇರೆಯೇ ಇರುತ್ತಾನೆ. ಅದರಿಂದ ರೈಟರ್‌ಗೆ ಅವಮಾನವಾಗುವುದಿಲ್ಲ, ಅವನಿಗೆ ಅದೇ ರಕ್ಷಣೆ.

ನಿಮ್ಮ ಅಭಿಪ್ರಾಯ ತಿಳಿಸಿ.

ಬೇಲೂರು ಮೇಷ್ಟ್ರು:

ಸರ್, ಗೌರವದಿಂದಲೇ ಹೇಳುತ್ತೇನೆ. ಈ ದೇಶದಲ್ಲಿ ಲೆಕ್ಕ ಕೇಳಬೇಕಾದ ಇಲಾಖೆಗಳು ಬೇಕಾದಷ್ಟಿವೆ. ಅವನ್ನೆಲ್ಲ ಬಿಟ್ಟು ಇಸ್ರೋವನ್ನೇ ಹಿಡಿದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದರ ಹೆಸರು ಹೇಳಿದರೆ ಸಾಕು, ನನ್ನ ತರಗತಿಯ ಮಕ್ಕಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ಉಡುಪಿಯ ಅದಮಾರಿನಿಂದ ಬಂದ ಯು.ಆರ್. ರಾವ್, ನಮ್ಮ ಹಾಸನದ ಎ.ಎಸ್. ಕಿರಣ್ ಕುಮಾರ್ ಆ ಕುರ್ಚಿಯಲ್ಲಿ ಕೂತವರು. ಸರ್ಕಾರಿ ಶಾಲೆಯ ಮಗುವಿಗೆ ಇದಕ್ಕಿಂತ ದೊಡ್ಡ ಭರವಸೆಯನ್ನು ನಾನು ಎಲ್ಲಿಂದ ತಂದು ಕೊಡಲಿ?

1975-76ರಲ್ಲಿ ಉಪಗ್ರಹದ ಮೂಲಕ ಟಿವಿ ಪಾಠ ಮಾಡಿದ ‘ಸೈಟ್’ ಪ್ರಯೋಗವನ್ನು ಮರೆಯಬೇಡಿ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿಸಿದರು. ನಮ್ಮ ರಾಜ್ಯದ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ವಿದ್ಯುತ್ ಸರಿಯಾಗಿ ಇಲ್ಲದ ಕಾಲದಲ್ಲಿ ಕೃಷಿ, ಆರೋಗ್ಯದ ಪಾಠ ಆಕಾಶದಿಂದ ಬಂತು. ಲೆಕ್ಕದ ಪುಸ್ತಕದಲ್ಲಿ ಇದಕ್ಕೆಲ್ಲ ಯಾವ ಕಾಲಂ ಇದೆ?

ಅರಸೀಕೆರೆ:

ಇಪ್ಪತ್ತಾರು ಪೈಸೆ ಎಂದು ಹೇಳಿದರೆ ಚಿಕ್ಕದಾಗಿ ಕಾಣುತ್ತದೆ. ಹದಿಮೂರು ಸಾವಿರ ಕೋಟಿ ಎಂದು ಹೇಳಿ ನೋಡಿ. ನಮ್ಮ ತಾಲ್ಲೂಕಿನಲ್ಲಿ ಬೇಸಿಗೆ ಬಂದರೆ ಟ್ಯಾಂಕರ್ ನೀರಿಗೆ ಕಾಯುವ ಊರುಗಳಿವೆ, ತೆಂಗು ಒಣಗಿ ನಿಂತಿದೆ. ಚಂದ್ರನ ಮಣ್ಣು ತರುವ ಯೋಜನೆಗೆ ಎರಡು ಸಾವಿರ ಕೋಟಿ ಕೊಡುವವರು ನಮ್ಮ ಕೆರೆಗಳ ಹೂಳು ತೆಗೆಸಲು ಯಾಕೆ ಹಿಂದೆಮುಂದೆ ನೋಡುತ್ತಾರೆ?

ಹಳೆಯ ಕನ್ಸೋಲ್:

ಅರಸೀಕೆರೆಯವರ ಸಂಕಟ ಅರ್ಥವಾಗುತ್ತದೆ. ಆದರೆ ಆ ಹಣ ಇಲ್ಲಿ ನಿಂತರೆ ಅಲ್ಲಿಗೆ ಹರಿಯುತ್ತದೆ ಎಂಬ ನಂಬಿಕೆ ಬೇಡ. ಕೆರೆಯ ಹಣ ಬೇರೆ ಇಲಾಖೆಯದು, ಬಹುಪಾಲು ರಾಜ್ಯದ್ದು. ಅದಕ್ಕಾಗಿ ಬೇರೆ ಬಾಗಿಲು ತಟ್ಟಬೇಕು, ತಟ್ಟುವಾಗ ನಾನೂ ನಿಮ್ಮ ಜೊತೆ ಬರುತ್ತೇನೆ.

ನಾನು ಉಪಗ್ರಹ ನಿಯಂತ್ರಣದ ತಾಂತ್ರಿಕ ಕೆಲಸದಲ್ಲಿದ್ದವನು. ಹೊರಗಿನವರಿಗೆ ಉಡಾವಣೆಯ ಇಪ್ಪತ್ತು ನಿಮಿಷ ಮಾತ್ರ ಕಾಣುತ್ತದೆ. ಅಲ್ಲಿಂದ ಮುಂದೆ ಹತ್ತು, ಹದಿನೈದು ವರ್ಷ ಆ ಉಪಗ್ರಹವನ್ನು 36,000 ಕಿಲೋಮೀಟರ್ ಎತ್ತರದಲ್ಲಿ ಅದರ ಜಾಗದಲ್ಲಿ ಹಿಡಿದಿಡಬೇಕು. ಸೂರ್ಯ, ಚಂದ್ರರ ಸೆಳೆತಕ್ಕೆ ಅದು ಜರುಗುತ್ತಲೇ ಇರುತ್ತದೆ. ಪ್ರತಿ ಸಲ ತಿದ್ದಿದಾಗಲೂ ಸ್ವಲ್ಪ ಇಂಧನ ಹೋಗುತ್ತದೆ, ಮೇಲಕ್ಕೆ ಹೋಗಿ ತುಂಬಿಸಿ ಬರಲು ಆಗುವುದಿಲ್ಲ. ಸಾರ್ವಜನಿಕ ಹಣವನ್ನು ಗ್ರಾಂ ಲೆಕ್ಕದಲ್ಲಿ ಖರ್ಚು ಮಾಡುವ ಕೆಲಸ ಅದು ಎಂದು ನಾನು ನಂಬಿದ್ದೇನೆ.

ಹಾಸನ ಕಾದ ಮೊದಲ ಉಪಗ್ರಹ ಇನ್ಸಾಟ್-1ಎ. ಫೋರ್ಡ್ ಏರೋಸ್ಪೇಸ್ ತಯಾರಿಸಿದ್ದು, 1982ರ ಏಪ್ರಿಲ್ 10ರಂದು ಅಮೆರಿಕದಿಂದ ಹಾರಿತು. ಆರಂಭದಿಂದಲೇ ತೊಂದರೆ, ಸೌರ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ದಿಕ್ಕು ತಪ್ಪಿತು, ನಿಯಂತ್ರಣಕ್ಕೆ ಬೇಕಾದ ಇಂಧನವೇ ಖಾಲಿಯಾಯಿತು. ಆರು ತಿಂಗಳೂ ತುಂಬಲಿಲ್ಲ. ಆ ಸೋಲು ಪತ್ರಿಕೆಗಳಲ್ಲಿ ಬಂತು, ಸಂಸ್ಥೆ ಮುಳುಗಲಿಲ್ಲ. ಮುಂದಿನ ವರ್ಷ ಆಗಸ್ಟ್ 30ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಏರಿ ಇನ್ಸಾಟ್-1ಬಿ ಹೋಯಿತು. ದೇಶದ ಊರೂರಿಗೆ ದೂರದರ್ಶನ ಬಂದದ್ದು ಅದರಿಂದಲೇ.

ಆದ್ದರಿಂದ ಮೇಷ್ಟ್ರೇ, ಪ್ರಶ್ನೆ ಕೇಳಿದರೆ ಇಸ್ರೋ ಗೌರವ ಕುಗ್ಗುತ್ತದೆ ಎಂಬ ಭಯ ಒಳಗಿದ್ದ ನಮಗೆ ಇರಲಿಲ್ಲ. ಅಲ್ಲಿ ಸೋಲಿನ ಮೇಲೆ ನಡೆಯುವ ವಿಚಾರಣೆಯಷ್ಟು ಕಠಿಣವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ವಿಚಾರಣೆಯ ಫಲ ಹೊರಗೆ ಬರುವುದು ಈಚೆಗೆ ಕಡಿಮೆಯಾಗಿದೆ, ನನ್ನ ನೋವು ಅದು.

ಮೂಡಿಗೆರೆ ತೋಟ:

ನಾನು ಕಾಫಿ ಬೆಳೆಗಾರ. ನಮಗೆ ಬಾಹ್ಯಾಕಾಶ ಎಂದರೆ ಮಳೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೂಮಳೆ ಯಾವಾಗ, ಎಷ್ಟು ಬೀಳುತ್ತದೆ ಎನ್ನುವುದರ ಮೇಲೆ ನಮ್ಮ ಇಡೀ ವರ್ಷ ನಿಂತಿದೆ. ಹೂ ಅರಳಿದ ಹೊತ್ತಿಗೆ ಜಡಿಮಳೆ ಹಿಡಿದರೆ ಕಾಯಿ ಕಟ್ಟುವುದಿಲ್ಲ. ಮಳೆ ಬರುತ್ತದೆಂದು ಕಾದು ಸ್ಪ್ರಿಂಕ್ಲರ್ ಹಾಕದೆ ಬಿಟ್ಟರೆ ರೊಬಸ್ಟಾ ಮೊಗ್ಗು ಕರಕಲಾಗುತ್ತದೆ.

2024ರ ಫೆಬ್ರವರಿ 17ರಂದು ಇನ್ಸಾಟ್-3ಡಿಎಸ್ ಹವಾಮಾನ ಉಪಗ್ರಹ ಹಾರಿತು. ಅದರ ಪೂರ್ತಿ ಖರ್ಚು ಭರಿಸಿದ್ದು ಭೂವಿಜ್ಞಾನ ಸಚಿವಾಲಯ. ಈ ಕ್ರಮ ನನಗೆ ತುಂಬಾ ಹಿಡಿಸಿತು. ಬೇಕಾದವರೇ ದುಡ್ಡು ಕೊಟ್ಟು ಮಾಡಿಸಿಕೊಂಡರೆ ಕೆಲಸ ಹೇಗೆ ಆಯಿತು ಎಂದು ಕೇಳಲು ಒಬ್ಬ ಯಜಮಾನ ಇರುತ್ತಾನೆ. ಆದರೆ ಉಪಗ್ರಹ ಮೇಲೆ ಸರಿಯಾಗಿ ಕೆಲಸ ಮಾಡಿದರೂ ನಮ್ಮ ಹೋಬಳಿಯ ಮುನ್ಸೂಚನೆ ನಂಬುವಂತೆ ಸಿಗುತ್ತಿಲ್ಲ. ಘಟ್ಟದ ಅಂಚಿನಲ್ಲಿ ಒಂದು ಗುಡ್ಡದ ಈಚೆ ಮಳೆ, ಆಚೆ ಬಿಸಿಲು. ಅದನ್ನು ಹಿಡಿಯಲು ನೆಲದ ಮೇಲೆ ರೇಡಾರ್ ಬೇಕು, ಮಳೆಮಾಪಕ ಬೇಕು, ಅವುಗಳ ಅಂಕಿಯನ್ನು ಉಪಗ್ರಹದ ಚಿತ್ರದ ಜೊತೆ ಕೂಡಿಸುವ ಜನ ಬೇಕು. ಆಕಾಶಕ್ಕೆ ಹಾಕಿದ ನೂರಾರು ಕೋಟಿಯಿಂದ ನೆಲದ ಮೇಲೆ ಎಷ್ಟು ಫಲ ಸಿಕ್ಕಿತು ಎಂದು ಯಾರಾದರೂ ಅಳೆಯುತ್ತಾರೆಯೇ?

ಬೇಲೂರು ಮೇಷ್ಟ್ರು:

ತೋಟದವರು ಕೇಳಿದ್ದನ್ನು ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರು (ಸಿಎಜಿ) ಒಮ್ಮೆ ಕೇಳಿದ್ದಾರೆ. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಾಯೋಗಿಕ ಪಾಠ ನಡೆಯಿತು, ನಮ್ಮ ತಾಂತ್ರಿಕ ವಿಶ್ವವಿದ್ಯಾಲಯವೂ ಬಳಸಿಕೊಂಡಿತು. ಶಿಕ್ಷಕನಾಗಿ ನಾನು ಅದರ ಮೇಲೆ ಇಟ್ಟಿದ್ದ ಆಸೆ ಸಣ್ಣದಲ್ಲ. ಆಮೇಲೆ 2013ರ ಲೆಕ್ಕಪರಿಶೋಧನಾ ವರದಿ ಬಂತು. ಉಪಗ್ರಹವೇನೋ ಹೋಗಿತ್ತು, ನೆಲದ ಮೇಲಿನ ಜಾಲ ಮತ್ತು ಪಾಠಗಳ ಸಿದ್ಧತೆಯಲ್ಲಿ ಕೊರತೆ ಇತ್ತು ಎನ್ನುವುದು ಅದರ ಸಾರ. ನಾನು ಕಂಡ ಒಂದು ಶಾಲೆಯಲ್ಲಿ ಡಿಶ್ ಆಂಟೆನಾ ಅಂಗಳದಲ್ಲೇ ತುಕ್ಕು ಹಿಡಿಯಿತು.

ಹೀಗಿದ್ದರೂ ನನ್ನ ಮಾತು ಬದಲಾಗುವುದಿಲ್ಲ. ಆ ಕೊರತೆಯಲ್ಲಿ ಶಿಕ್ಷಣ ಇಲಾಖೆಗಳ ಪಾಲೂ ಇದೆ. ವರದಿ ಬಂದ ದಿನ ಬೈಸಿಕೊಂಡದ್ದು ಮಾತ್ರ ಇಸ್ರೋ.

ಸಾಲಗಾಮೆ ರಸ್ತೆ:

ಮೇಷ್ಟ್ರೇ, ಆ ವರದಿ ಬಂದಿತ್ತು ಎನ್ನುವುದೇ ನಾನು ಹಿಡಿದಿರುವ ಎಳೆ. ಲೆಕ್ಕಪರಿಶೋಧನೆ ಇರಲಿಲ್ಲವಾದರೆ ತುಕ್ಕು ಹಿಡಿದ ಆಂಟೆನಾ ನಿಮ್ಮೊಬ್ಬರ ದುಃಖವಾಗಿ ಉಳಿಯುತ್ತಿತ್ತು.

ಹಣ ಹರಿಯುವ ದಾರಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಗೊತ್ತಿರುವವರು ಸಹಿಸಿಕೊಳ್ಳಿ. ದೊಡ್ಡ ಯೋಜನೆ ಆಯೋಗದ ಒಪ್ಪಿಗೆ ಪಡೆದು ಕೇಂದ್ರ ಸಂಪುಟಕ್ಕೆ ಹೋಗುತ್ತದೆ. 2024ರ ಸೆಪ್ಟೆಂಬರ್ 18ರ ಒಂದೇ ದಿನ ಸಂಪುಟ ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರಗ್ರಹ ಯಾನಕ್ಕೆ 1,236 ಕೋಟಿ, ಹೊಸ ತಲೆಮಾರಿನ ರಾಕೆಟ್‌ಗೆ 8,240 ಕೋಟಿ ಮಂಜೂರು ಮಾಡಿತು. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನದ ಮೊತ್ತವನ್ನು 9,023 ಕೋಟಿಯಿಂದ 20,193 ಕೋಟಿಗೆ ಏರಿಸಿತು. ಈ ಏರಿಕೆಯನ್ನು ಹಗರಣ ಎಂದು ಓದಬೇಡಿ. ಬಾಹ್ಯಾಕಾಶ ನಿಲ್ದಾಣದ ಮೊದಲ ಘಟಕ ಮತ್ತು ಹೆಚ್ಚಿನ ಯಾನಗಳು ಅದರಲ್ಲಿ ಸೇರಿದವು. ಆದರೆ ಹಳೆಯ ಕೆಲಸಕ್ಕೆ ಎಷ್ಟು ಹೆಚ್ಚಾಯಿತು, ಹೊಸ ಕೆಲಸಕ್ಕೆ ಎಷ್ಟು ಸೇರಿತು ಎಂದು ಜನರಿಗೆ ಬಿಡಿಸಿ ತೋರಿಸಬೇಕೋ ಬೇಡವೋ?

ಸಂಪುಟ ಒಪ್ಪಿದ ಮೇಲೆ ಪ್ರತಿ ವರ್ಷ ಅನುದಾನದ ಬೇಡಿಕೆ ಸಂಸತ್ತಿಗೆ ಹೋಗುತ್ತದೆ. ವಿಜ್ಞಾನ, ತಂತ್ರಜ್ಞಾನ, ಪರಿಸರ, ಅರಣ್ಯ ಎಲ್ಲವನ್ನೂ ನೋಡುವ ಸ್ಥಾಯಿ ಸಮಿತಿ ಇದನ್ನೂ ನೋಡಿ ವರದಿ ಕೊಡುತ್ತದೆ. ಆಮೇಲೆ ಲೋಕಸಭೆಯಲ್ಲಿ ಚರ್ಚೆ ಆಗಬೇಕು. ಅಲ್ಲಿ ಕೆಲವೇ ಇಲಾಖೆಗಳು ಚರ್ಚೆಗೆ ಬರುತ್ತವೆ, ಉಳಿದವು ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕುವ ‘ಗಿಲೊಟಿನ್’ ಮೂಲಕ ಅಂಗೀಕಾರವಾಗುತ್ತವೆ. 2023ರ ಮಾರ್ಚ್‌ನಲ್ಲಂತೂ ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಯೂ ಚರ್ಚೆಯಿಲ್ಲದೆ ಪಾಸಾಯಿತು.

ಇನ್ನೊಂದು ವಿಷಯ ಯಾರ ಕಣ್ಣಿಗೂ ಬೀಳುವುದಿಲ್ಲ. 2020-21ರಲ್ಲಿ ಇಲಾಖೆಗೆ ಇಟ್ಟದ್ದು 13,479 ಕೋಟಿ, ವರ್ಷದ ನಡುವೆ ತಿದ್ದಿದ ಪರಿಷ್ಕೃತ ಅಂದಾಜಿನಲ್ಲಿ ಉಳಿದದ್ದು 9,500 ಕೋಟಿ. ಅದು ಕೊರೊನಾ ವರ್ಷ, ಒಪ್ಪೋಣ. 2022-23ರಲ್ಲಿ 13,700 ಕೋಟಿ ಇದ್ದದ್ದು ಸುಮಾರು 10,530 ಕೋಟಿಗೆ ಇಳಿಯಿತು. 2023-24ರಲ್ಲಿ 12,544 ಕೋಟಿ 11,070 ಕೋಟಿ ಆಯಿತು. ಫೆಬ್ರವರಿಯಲ್ಲಿ ದೊಡ್ಡ ಅಂಕಿ ಪತ್ರಿಕೆಯ ಮೊದಲ ಪುಟಕ್ಕೆ ಬರುತ್ತದೆ, ಮುಂದಿನ ಫೆಬ್ರವರಿಯಲ್ಲಿ ಅದು ಕರಗಿದ್ದು ಸುದ್ದಿಯಾಗುವುದಿಲ್ಲ. ಹಣ ಸಾಲದು ಎಂದು ಕೂಗುವವರೂ ಹೆಚ್ಚಾಯಿತು ಎಂದು ಕೂಗುವವರೂ ಈ ಸಾಲನ್ನು ಓದಬೇಕು. ಕೊಟ್ಟ ಹಣ ಯಾಕೆ ಬಳಕೆಯಾಗಲಿಲ್ಲ? ಯಾವ ಉಪಗ್ರಹ ತಡವಾಯಿತು? ಅದರಿಂದ ಯಾರಿಗೆ ತೊಂದರೆಯಾಯಿತು?

ಅರಸೀಕೆರೆ:

ಕೊಟ್ಟದ್ದರಲ್ಲಿ ಮೂರು ಸಾವಿರ ಕೋಟಿ ಖರ್ಚೇ ಆಗಲಿಲ್ಲ ಎಂದರೆ ನನ್ನ ಸಿಟ್ಟು ಹೆಚ್ಚಾಗುತ್ತದೆ ಸರ್. ಬೇಕು ಎಂದು ಕೇಳಿ ತೆಗೆದಿಟ್ಟುಕೊಂಡದ್ದಾದರೂ ಯಾಕೆ?

ಹಳೆಯ ಕನ್ಸೋಲ್:

ಅದಕ್ಕೆ ಕಾರಣಗಳಿವೆ. ರಾಕೆಟ್ ಕೆಲಸದಲ್ಲಿ ಹಣ ಸಮನಾಗಿ ಹರಿಯುವುದಿಲ್ಲ. ಒಂದು ಪರೀಕ್ಷೆ ವಿಫಲವಾದರೆ ಮುಂದಿನ ಖರೀದಿಗಳೆಲ್ಲ ನಿಲ್ಲುತ್ತವೆ, ವಿದೇಶದಿಂದ ಬರಬೇಕಾದ ಬಿಡಿಭಾಗ ಒಂದು ವರ್ಷ ತಡವಾಗಬಹುದು. ಮಾರ್ಚ್ 31ಕ್ಕೆ ಮುಗಿಸಲೇಬೇಕೆಂದು ಅವಸರದಲ್ಲಿ ಖರ್ಚು ಮಾಡುವುದಕ್ಕಿಂತ ಹಣವನ್ನು ಹಿಂದಿರುಗಿಸಿಬಿಡುವುದು ಮೇಲು. ಆದರೆ ಕಾರಣವನ್ನು ಬರೆದು ಹೇಳಬೇಕು, ಆ ಮಾತಿಗೆ ನಾನೂ ಸಹಿ ಹಾಕುತ್ತೇನೆ.

ಆಲೂರು ವಿದ್ಯಾರ್ಥಿನಿ:

ಹಿರಿಯರಿಗೆ ನಮಸ್ಕಾರ. ಎಂಜಿನಿಯರಿಂಗ್ ಓದುತ್ತಿದ್ದೇನೆ, ಈ ಕ್ಷೇತ್ರದಲ್ಲೇ ಕೆಲಸ ಮಾಡುವ ಆಸೆ. ನೀವೆಲ್ಲರೂ ಇಸ್ರೋ ಬಗ್ಗೆ ಮಾತ್ರ ಮಾತನಾಡುತ್ತಿದ್ದೀರಿ. ನನ್ನ ತಲೆಮಾರಿನವರು ಹೋಗುವುದು ಖಾಸಗಿ ಕಂಪನಿಗಳಿಗೆ. 2022ರ ನವೆಂಬರ್ 18ರಂದು ಸ್ಕೈರೂಟ್ ಸಂಸ್ಥೆಯ ವಿಕ್ರಮ್-ಎಸ್, 2024ರ ಮೇ 30ರಂದು ಅಗ್ನಿಕುಲ್ ಸಂಸ್ಥೆಯ ರಾಕೆಟ್ ಶ್ರೀಹರಿಕೋಟಾದಿಂದ ಹಾರಿದವು. ಇಂಥ ಕಂಪನಿಗಳಲ್ಲಿ ತೊಡಗಿಸಲು 1,000 ಕೋಟಿಯ ನಿಧಿಗೆ 2024ರ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿತು. ಅದೂ ಸಾರ್ವಜನಿಕ ಹಣವೇ.

ಇವರಿಗೆ ಅನುಮತಿ ಕೊಡುವುದು 2020ರಲ್ಲಿ ಘೋಷಣೆಯಾದ ಇನ್-ಸ್ಪೇಸ್. ಅದು ಬಾಹ್ಯಾಕಾಶ ಇಲಾಖೆಯ ಅಡಿಯಲ್ಲೇ ಇದೆ. ವ್ಯಾಪಾರ ಮಾಡುವ ಎನ್‌ಎಸ್‌ಐಎಲ್ ಕೂಡ ಅದೇ ಇಲಾಖೆಯದು. ಅಂದರೆ ಖಾಸಗಿಯವರ ಜೊತೆ ಸ್ಪರ್ಧಿಸುವ ಮನೆಯೇ ಅವರಿಗೆ ಪರವಾನಗಿಯನ್ನೂ ಕೊಡುತ್ತದೆ. 2023ರಲ್ಲಿ ಬಾಹ್ಯಾಕಾಶ ನೀತಿ ಬಂತು, ಆದರೆ ನೀತಿ ಕಾನೂನಲ್ಲ. 2017ರಲ್ಲೇ ಕಾಯ್ದೆಯ ಕರಡು ಹೊರಬಿದ್ದಿತ್ತು, ಅದು ಸಂಸತ್ತಿನಲ್ಲಿ ಅಂಗೀಕಾರವಾಗಿಲ್ಲ.

ಇದು ಬರೀ ಕಾಗದದ ವಿಷಯವಲ್ಲ. 1967ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಖಾಸಗಿ ಕಂಪನಿ ಏನೇ ಹಾರಿಸಿದರೂ ಹೊಣೆ ದೇಶದ್ದು. ನಾಳೆ ಒಂದು ತುಂಡು ಬೇರೆ ದೇಶದಲ್ಲಿ ಬಿದ್ದು ಹಾನಿಯಾದರೆ 1972ರ ಹೊಣೆಗಾರಿಕೆ ಒಪ್ಪಂದದಂತೆ ಪರಿಹಾರ ಕೊಡಬೇಕಾದದ್ದು ಭಾರತ ಸರ್ಕಾರ, ಅಂದರೆ ನಾವೆಲ್ಲ. ಕಂಪನಿಯಿಂದ ಎಷ್ಟು ವಸೂಲಿ, ವಿಮೆ ಎಷ್ಟು ಎನ್ನುವುದನ್ನು ಹೇಳುವ ಕಾಯ್ದೆ ಬೇಡವೇ?

ಹಳೆಯ ಕನ್ಸೋಲ್:

ಸರಿಯಾದ ಜಾಗಕ್ಕೆ ಕೈ ಹಾಕಿದ್ದೀಯಮ್ಮ. ವಿಮಾನಕ್ಕೆ ಅಪಘಾತ ತನಿಖೆಯ ಸಂಸ್ಥೆ ಬೇರೆ ಇದೆ, ರೈಲಿಗೆ ಸುರಕ್ಷತಾ ಆಯುಕ್ತರು ಇದ್ದಾರೆ. ಅವರು ರೈಲ್ವೆ ಸಚಿವಾಲಯದ ಅಡಿಯಲ್ಲಿ ಬರುವುದಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ ಬರುತ್ತಾರೆ. ನಮ್ಮ ದೇಶದಲ್ಲೇ ಆ ಬುದ್ಧಿ ಹಿಂದೆಯೇ ಇತ್ತು. ಗಗನಯಾನದಲ್ಲಿ ಮನುಷ್ಯರು ಕೂತು ಹೋಗುವ ಮೊದಲು ಬಾಹ್ಯಾಕಾಶಕ್ಕೂ ಅದು ಬರಬೇಕು.

ಕಡೂರು ಉಪನ್ಯಾಸಕ:

ನಾನು ರಾಜ್ಯಶಾಸ್ತ್ರ ಪಾಠ ಮಾಡುವವನು. ಅಮೆರಿಕದ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ, ಕುರುಡಾಗಿ ನಕಲು ಮಾಡಲು ಹೇಳುತ್ತಿಲ್ಲ. 1986ರಲ್ಲಿ ಚಾಲೆಂಜರ್ ಸಿಡಿದು ಏಳು ಜನ ತೀರಿಕೊಂಡಾಗ ಅಧ್ಯಕ್ಷರೇ ಹೊರಗಿನ ಆಯೋಗ ನೇಮಿಸಿದರು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದರ ಸದಸ್ಯರು. ರಾಕೆಟ್‌ನ ಕೀಲು ಮುಚ್ಚುವ ರಬ್ಬರ್ ಉಂಗುರ ಚಳಿಗೆ ತನ್ನ ಸ್ಥಿತಿಸ್ಥಾಪಕತೆ ಕಳೆದುಕೊಳ್ಳುವುದನ್ನು ಬಹಿರಂಗ ವಿಚಾರಣೆಯಲ್ಲೇ ತಣ್ಣೀರಲ್ಲಿ ಅದ್ದಿ ತೋರಿಸಿದರು. 2003ರಲ್ಲಿ ಕೊಲಂಬಿಯಾ ಒಡೆದು ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹೋದಾಗಲೂ ತನಿಖಾ ಮಂಡಳಿಯ ವರದಿ ಪೂರ್ತಿ ಪ್ರಕಟವಾಯಿತು. ಇಂಧನ ತೊಟ್ಟಿಯ ಹೊದಿಕೆಯಿಂದ ಕಿತ್ತುಬಂದ ಫೋಮ್ ತುಂಡಿನಷ್ಟೇ ನಾಸಾದ ಕಾರ್ಯಸಂಸ್ಕೃತಿಯೂ ಕಾರಣ ಎಂದು ಅದು ಮುಚ್ಚುಮರೆಯಿಲ್ಲದೆ ಬರೆಯಿತು. ಇಷ್ಟಲ್ಲದೆ ನಾಸಾದೊಳಗೆ ಸ್ವತಂತ್ರ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಇದೆ, ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ದೊಡ್ಡ ಯೋಜನೆಗಳ ಖರ್ಚು, ವಿಳಂಬವನ್ನು ಪ್ರತಿ ವರ್ಷ ಹೆಸರು ಹಿಡಿದು ಪ್ರಕಟಿಸುತ್ತದೆ.

ಅಲ್ಲಿನ ರೋಗವೂ ಇದೆ. ರಾಜಕೀಯ ಗಾಳಿ ತಿರುಗಿದರೆ ಯೋಜನೆ ಅರ್ಧಕ್ಕೆ ಬೀಳುತ್ತದೆ. 2026ರ ಹಣಕಾಸು ವರ್ಷಕ್ಕೆ ಶ್ವೇತಭವನ ನಾಸಾ ಅನುದಾನವನ್ನು 24.8 ಶತಕೋಟಿ ಡಾಲರ್‌ನಿಂದ 18.8 ಶತಕೋಟಿಗೆ ಇಳಿಸುವ ಪ್ರಸ್ತಾವ ಇಟ್ಟಿತು. ನಮ್ಮಲ್ಲಿ ಯಾವ ಪಕ್ಷದ ಸರ್ಕಾರ ಬಂದರೂ ಇಸ್ರೋ ಬೆನ್ನ ಹಿಂದೆ ನಿಂತಿದೆ. ಎಎಸ್‌ಎಲ್‌ವಿ ರಾಕೆಟ್ 1987ರಲ್ಲಿ ಬಿತ್ತು, 1988ರಲ್ಲಿ ಮತ್ತೆ ಬಿತ್ತು. ಯಾರೂ ಅಂಗಡಿ ಮುಚ್ಚಲಿಲ್ಲ, ಪಿಎಸ್‌ಎಲ್‌ವಿ ಹುಟ್ಟಿದ್ದು ಆ ಪಾಠದ ಮೇಲೆ. ಈ ಸ್ಥಿರತೆ ಅಮೂಲ್ಯ. ಅದನ್ನು ಕೆಡಿಸದೆ ಉತ್ತರದಾಯಿತ್ವ ತರುವುದು ಹೇಗೆ ಎಂದು ಯೋಚಿಸೋಣ.

ಬೇಲೂರು ಮೇಷ್ಟ್ರು:

ನನ್ನ ಆತಂಕ ಅಲ್ಲೇ ಇರುವುದು. ವರದಿ ಹೊರಗೆ ಬಂದ ಕೂಡಲೇ ಟಿವಿಯಲ್ಲಿ ಯಾರ ತಲೆದಂಡ ಎಂದು ಕೂಗಾಟ ಶುರುವಾಗುತ್ತದೆ. ವಾಲ್ವ್ ಕೆಟ್ಟದ್ದನ್ನು ಅರ್ಥ ಮಾಡಿಕೊಳ್ಳುವ ತಾಳ್ಮೆ ಯಾರಿಗಿದೆ? ಒಬ್ಬ ಯುವ ಎಂಜಿನಿಯರ್ ಹೆಸರು ಬೀದಿಗೆ ಬಂದರೆ ಮುಂದಿನ ಸಲ ಅವನು ತಪ್ಪನ್ನು ಮುಚ್ಚಿಡುತ್ತಾನೆ.

ಹಳೆಯ ಕನ್ಸೋಲ್:

ಹೆಸರು ಬೇಡವೇ ಬೇಡ. ಪೂರೈಕೆದಾರರ ಗುಟ್ಟು, ರಕ್ಷಣೆಗೆ ಸಂಬಂಧಿಸಿದ ವಿವರ ಬೇಡ. ಕಾರಣ ಮತ್ತು ಪರಿಹಾರ ಸಾಕು. ಇಸ್ರೋ ಇದನ್ನು ಮಾಡಿಯೇ ತೋರಿಸಿದೆ. 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10 ರಾಕೆಟ್ ವಿಫಲವಾದಾಗ ದ್ರವ ಜಲಜನಕದ ತೊಟ್ಟಿಯ ವಾಲ್ವ್‌ನಲ್ಲಿ ಸೋರಿಕೆಯಾಗಿ ಒತ್ತಡ ಕುಸಿದದ್ದನ್ನು ಸಮಿತಿಯ ಸಾರಾಂಶದಲ್ಲಿ ಪ್ರಕಟಿಸಿತು. 2022ರ ಆಗಸ್ಟ್‌ನ ಎಸ್‌ಎಸ್‌ಎಲ್‌ವಿ ವೈಫಲ್ಯಕ್ಕೂ ಹಾಗೆಯೇ ವಿವರಣೆ ಬಂತು. ಯಾರ ತಲೆಯೂ ಉರುಳಲಿಲ್ಲ, ಎರಡೂ ರಾಕೆಟ್ ಮತ್ತೆ ಹಾರಿದವು.

2025ರ ಜನವರಿ 29ರಂದು ಹಾರಿದ ಎನ್‌ವಿಎಸ್-02 ದಿಕ್ಸೂಚಿ ಉಪಗ್ರಹ ತನ್ನ ಕಕ್ಷೆಗೆ ಏರಲಿಲ್ಲ. ಥ್ರಸ್ಟರ್‌ಗಳಿಗೆ ಇಂಧನ ಉರಿಯಲು ಬೇಕಾದ ಆಕ್ಸಿಡೈಸರ್ ಬಿಡುವ ವಾಲ್ವ್ ತೆರೆಯಲಿಲ್ಲ ಎಂದು ಸಂಸ್ಥೆ ಹೇಳಿತು. ಯಾಕೆ ತೆರೆಯಲಿಲ್ಲ? ಮೇ 18ರಂದು ಪಿಎಸ್‌ಎಲ್‌ವಿ-ಸಿ61ರ ಮೂರನೇ ಹಂತದಲ್ಲಿ ಒತ್ತಡ ಕುಸಿದು ಇಒಎಸ್-09 ಭೂವೀಕ್ಷಣಾ ಉಪಗ್ರಹ ಸಮುದ್ರ ಸೇರಿತು. ಯಾಕೆ ಕುಸಿಯಿತು? ಈ ಎರಡು ‘ಯಾಕೆ’ಗಳಿಗೆ ಹಿಂದಿನ ಪದ್ಧತಿಯಲ್ಲೇ ಉತ್ತರ ಕೊಡಿ ಎಂದು ಕೇಳುವುದು ಸಂಸ್ಥೆಯ ಮೇಲಿನ ಅಭಿಮಾನದಿಂದಲೇ. ನಲವತ್ತು ವರ್ಷಗಳಿಂದ ಕಷ್ಟಪಟ್ಟು ಕಟ್ಟಿದ ನಂಬಿಕೆ ಮೌನದಿಂದ ಸವೆಯಬಾರದು.

ಚಿಕ್ಕಮಗಳೂರು ವಕೀಲೆ:

ಕಾನೂನಿನ ಕಡೆಯಿಂದ ಒಂದು ಉದಾಹರಣೆ ಕೊಡುತ್ತೇನೆ. ಮೌನಕ್ಕೆ ಬೆಲೆ ತೆತ್ತ ಪ್ರಕರಣ ಆಂಟ್ರಿಕ್ಸ್-ದೇವಾಸ್. ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ 2005ರ ಜನವರಿ 28ರಂದು ಬೆಂಗಳೂರಿನ ಖಾಸಗಿ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡು ಉಪಗ್ರಹಗಳ ಮೂಲಕ ಎಸ್-ಬ್ಯಾಂಡ್‌ನ 70 ಮೆಗಾಹರ್ಟ್ಸ್ ತರಂಗಾಂತರದ ಬಳಕೆ ಅದರಲ್ಲಿತ್ತು. ಆ ಉಪಗ್ರಹಗಳಲ್ಲಿ ಒಂದಾದ ಜಿಸ್ಯಾಟ್-6ಕ್ಕೆ ಅದೇ ವರ್ಷ ಸಂಪುಟದ ಒಪ್ಪಿಗೆ ಪಡೆಯುವಾಗ ಈ ಒಪ್ಪಂದದ ವಿಷಯವನ್ನು ಟಿಪ್ಪಣಿಯಲ್ಲಿ ಹೇಳಿರಲಿಲ್ಲ. 2011ರ ಫೆಬ್ರವರಿಯಲ್ಲಿ ಸರ್ಕಾರ ಒಪ್ಪಂದ ರದ್ದು ಮಾಡಿತು. ಮಹಾಲೇಖಪಾಲರ ವರದಿ 2012ರಲ್ಲಿ ಬಂತು. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ 56.25 ಕೋಟಿ ಡಾಲರ್ ಪರಿಹಾರದ ತೀರ್ಪು ನಮ್ಮ ವಿರುದ್ಧ ಬಂತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಆ ಕಂಪನಿಯನ್ನು ವಂಚನೆಯ ಕಾರಣಕ್ಕೆ ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ವಿದೇಶದ ಕೋರ್ಟುಗಳಲ್ಲಿ ವ್ಯಾಜ್ಯ ಆಮೇಲೂ ನಡೆಯಿತು.

ಒಪ್ಪಂದ ಮಾಡುವವರು, ಅದನ್ನು ಪರಿಶೀಲಿಸುವವರು, ಸಂಪುಟಕ್ಕೆ ಟಿಪ್ಪಣಿ ಬರೆಯುವವರು ಬೇರೆಬೇರೆ ಇದ್ದಿದ್ದರೆ ಇದು ಮೊದಲ ಮೇಜಿನಲ್ಲೇ ನಿಲ್ಲುತ್ತಿತ್ತು. ಸಾಲಗಾಮೆ ರಸ್ತೆಯವರು ಮೂರು ಕುರ್ಚಿಗಳ ಬಗ್ಗೆ ಹೇಳಿದ್ದನ್ನು ನಾನು ಇದೇ ಕಾರಣಕ್ಕೆ ಬೆಂಬಲಿಸುತ್ತೇನೆ.

ಮಾಹಿತಿ ಹಕ್ಕಿನ ದಾರಿ ನಮಗೆಲ್ಲ ತೆರೆದಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಕಲಂ 8(1)(ಎ) ಅಡಿ ದೇಶದ ಭದ್ರತೆ, ವೈಜ್ಞಾನಿಕ ಹಿತಾಸಕ್ತಿ ಎಂದು ನಿರಾಕರಿಸಬಹುದು. ಆದರೆ ಕಲಂ 8(2) ಪ್ರಕಾರ ಸಾರ್ವಜನಿಕ ಹಿತ ಹೆಚ್ಚಾಗಿದ್ದರೆ ಕೊಡಬಹುದು, ಕಲಂ 10 ಪ್ರಕಾರ ಗುಪ್ತವಾದ ಭಾಗ ಮುಚ್ಚಿ ಉಳಿದದ್ದನ್ನು ಕೊಡಬೇಕು.

ಮೂಡಿಗೆರೆ ತೋಟ:

ಹಾಗಾದರೆ ಅರ್ಜಿ ಹಾಕೋಣ. ಸಂಸದರಿಗೂ ಮನವಿ ಕೊಡೋಣ. ಹಾಸನ, ಕಡೂರಿನವರು ಹಾಸನ ಕ್ಷೇತ್ರದ ಸಂಸದರಿಗೆ, ನಾವು ಉಡುಪಿ-ಚಿಕ್ಕಮಗಳೂರು ಸಂಸದರಿಗೆ. ಇಬ್ಬರೂ ಒಂದೇ ಅಧಿವೇಶನದಲ್ಲಿ ಕೇಳಿದರೆ ತೂಕ ಬರುತ್ತದೆ.

ಸಾಲಗಾಮೆ ರಸ್ತೆ:

ಕರಡು ಹಾಕುತ್ತಿದ್ದೇನೆ, ತಿದ್ದಿ.

ಸಂಸದರಿಗೆ ಕೊಡುವ ಮನವಿಯಲ್ಲಿ ಮೊದಲನೆಯದಾಗಿ, ಬಾಹ್ಯಾಕಾಶ ಆಯೋಗದ ಅಧ್ಯಕ್ಷ ಸ್ಥಾನವನ್ನು ಇಸ್ರೋ ಅಧ್ಯಕ್ಷರಿಂದ ಬೇರ್ಪಡಿಸುವ ಬಗ್ಗೆ ಸರ್ಕಾರದ ನಿಲುವು ಏನು ಎಂಬ ಪ್ರಶ್ನೆ. ಎರಡನೆಯದಾಗಿ, ಬಾಹ್ಯಾಕಾಶ ಚಟುವಟಿಕೆಗಳ ಮಸೂದೆ ಯಾವಾಗ ಮಂಡನೆಯಾಗುತ್ತದೆ, ಅದರಲ್ಲಿ ಇನ್-ಸ್ಪೇಸ್ ಇಲಾಖೆಯಿಂದ ಸ್ವತಂತ್ರವಾಗುತ್ತದೆಯೇ ಎಂಬ ಪ್ರಶ್ನೆ. ಮೂರನೆಯದಾಗಿ, ಮಾನವಸಹಿತ ಯಾನಕ್ಕೆ ಮುನ್ನ ಸ್ವತಂತ್ರ ಸುರಕ್ಷತಾ ಮಂಡಳಿ ರಚಿಸುವ ಬೇಡಿಕೆ. ಬಜೆಟ್ ಅಂದಾಜಿಗೂ ಪರಿಷ್ಕೃತ ಅಂದಾಜಿಗೂ ಇರುವ ವ್ಯತ್ಯಾಸವನ್ನು ಯೋಜನೆವಾರು ಪ್ರಕಟಿಸಬೇಕೆಂದು ನಾಲ್ಕನೆಯದು.

ಮಾಹಿತಿ ಹಕ್ಕು ಅರ್ಜಿಯಲ್ಲಿ ಪಿಎಸ್‌ಎಲ್‌ವಿ-ಸಿ61 ಮತ್ತು ಎನ್‌ವಿಎಸ್-02 ವೈಫಲ್ಯಕ್ಕೆ ಕಾರಣವೇನು, ಏನು ಕ್ರಮ ಕೈಗೊಳ್ಳಲಾಯಿತು ಎಂದು ಕೇಳುವುದು.

ಚಿಕ್ಕಮಗಳೂರು ವಕೀಲೆ:

ಕೊನೆಯದನ್ನು ತಿದ್ದಬೇಕು ಸರ್. ಮಾಹಿತಿ ಹಕ್ಕಿನಲ್ಲಿ ‘ಕಾರಣವೇನು’ ಎಂದು ಕೇಳಿದರೆ ಅದು ವಿವರಣೆ ಕೇಳಿದಂತೆ, ತಿರಸ್ಕರಿಸುತ್ತಾರೆ. ಇರುವ ದಾಖಲೆಯನ್ನು ಕೇಳಬೇಕು. ‘ವೈಫಲ್ಯ ವಿಶ್ಲೇಷಣಾ ಸಮಿತಿಯ ರಚನಾ ಆದೇಶದ ಪ್ರತಿ, ಸಮಿತಿ ವರದಿ ಸಲ್ಲಿಸಿದ ದಿನಾಂಕ, ವರದಿಯ ಸಾರಾಂಶ ಮತ್ತು ಶಿಫಾರಸುಗಳ ಪ್ರತಿ, ಕಲಂ 10ರ ಅಡಿ ಗೋಪ್ಯ ಭಾಗ ಪ್ರತ್ಯೇಕಿಸಿ’ ಎಂದು ಬರೆಯಿರಿ. ಎರಡು ಯಾನಗಳಿಗೆ ಎರಡು ಅರ್ಜಿ ಹಾಕಿ, ಒಂದನ್ನು ನಿರಾಕರಿಸಿದರೂ ಇನ್ನೊಂದು ಉಳಿಯುತ್ತದೆ. ಉತ್ತರ ಬಾರದಿದ್ದರೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಅದನ್ನು ನಾನು ಬರೆದುಕೊಡುತ್ತೇನೆ.

ಬೇಲೂರು ಮೇಷ್ಟ್ರು:

ಮನವಿಯ ಮೊದಲ ಸಾಲಿನಲ್ಲೇ ‘ಇಸ್ರೋ ಅನುದಾನವನ್ನು ಕಡಿತಗೊಳಿಸಬಾರದು’ ಎಂದು ಬರೆಯುವುದಾದರೆ ನನ್ನ ಸಹಿ ಇದೆ. ಆ ಸಾಲು ಇಲ್ಲದಿದ್ದರೆ ಇಲ್ಲ.

ಅರಸೀಕೆರೆ:

ಆ ಸಾಲು ಇದ್ದರೆ ನಾನು ಸಹಿ ಹಾಕುವುದು ಕಷ್ಟ. ಆದರೆ ಖರ್ಚಾಗದೆ ಉಳಿದ ಹಣದ ವಿವರ ಕೇಳುವ ನಾಲ್ಕನೇ ಅಂಶಕ್ಕೆ ಪ್ರತ್ಯೇಕ ಹಾಳೆ ಮಾಡಿದರೆ ನಮ್ಮ ಊರಿನಿಂದಲೇ ಹತ್ತಾರು ಸಹಿ ತರುತ್ತೇನೆ.

ಸಾಲಗಾಮೆ ರಸ್ತೆ:

ಎರಡು ಹಾಳೆ ಮಾಡೋಣ. ಮೇಷ್ಟ್ರು ಹೇಳಿದ ಸಾಲು ಮೊದಲ ಹಾಳೆಯ ತಲೆಯಲ್ಲಿರುತ್ತದೆ, ಅದು ನನ್ನ ಮಾತೂ ಹೌದು. ಅನುದಾನದ ವ್ಯತ್ಯಾಸದ ಹಾಳೆ ಬೇರೆ. ತೋಟದವರೇ, ಹವಾಮಾನ ಉಪಗ್ರಹದ ಮಾಹಿತಿ ಹೋಬಳಿ ಮಟ್ಟಕ್ಕೆ ಹೇಗೆ ಬರುತ್ತಿದೆ ಎಂಬ ನಿಮ್ಮ ಪ್ರಶ್ನೆಯನ್ನು ಭೂವಿಜ್ಞಾನ ಸಚಿವಾಲಯಕ್ಕೆ ಕಳುಹಿಸಬೇಕಾಗುತ್ತದೆ, ಬಾಹ್ಯಾಕಾಶ ಇಲಾಖೆಗೆ ಹಾಕಿದರೆ ವರ್ಗಾಯಿಸುವುದರಲ್ಲೇ ದಿನ ಹೋಗುತ್ತದೆ. ಅದರ ಕರಡನ್ನು ನೀವೇ ಬರೆಯಿರಿ, ಹೂಮಳೆಯ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಆಲೂರು ವಿದ್ಯಾರ್ಥಿನಿ:

ಆನ್‌ಲೈನ್ ಅರ್ಜಿಗಳನ್ನು ನಾನು ಹಾಕುತ್ತೇನೆ ಸರ್. ನೋಂದಣಿ ಸಂಖ್ಯೆ ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ. ಮಸೂದೆಯ ಪ್ರಶ್ನೆಯಲ್ಲಿ ಮೂರನೇ ವ್ಯಕ್ತಿಗೆ ಆಗುವ ಹಾನಿಯ ವಿಮೆಯನ್ನೂ ಸೇರಿಸಬಹುದೇ?

ಚಿಕ್ಕಮಗಳೂರು ವಕೀಲೆ:

ಸೇರಿಸು. ಎರಡನೇ ಪ್ರಶ್ನೆಯ ಕೊನೆಗೆ ಬರಲಿ, ಪ್ರತ್ಯೇಕ ಪ್ರಶ್ನೆ ಮಾಡಬೇಡ. ಒಂದು ಪ್ರಶ್ನೆಗೆ ಉಪಭಾಗ ಹೆಚ್ಚಾದರೆ ಸಚಿವಾಲಯ ಮುಖ್ಯವಾದದ್ದನ್ನು ಬಿಟ್ಟು ಸುಲಭವಾದದ್ದಕ್ಕೆ ಉತ್ತರಿಸುತ್ತದೆ.